ಕೆಂಪು ಗಾಡಿಯ ಐದನೆಯ ಹಾಸಿಗೆ

ನಮ್ಮ ಗಾಡಿಯಲ್ಲಿ ಐದು ಹಾಸಿಗೆಗಳಿವೆ. ನಾಲ್ಕು ಹಿಂದಿನ ಕೋಣೆಯಲ್ಲಿ. ಒಂದು ಮಾತ್ರ ಮುಂದೆ, ಡ್ರೈವರ್ ಸೀಟಿನ ಬೆನ್ನಿಗೆ, ತನ್ನದೇ ಬಾಗಿಲು ಕಿಟಕಿ ಇಟ್ಟುಕೊಂಡು ಬೇರೆಯಾಗಿದೆ. ‘ಆಯಿ, ನಿನ್ನ ಹಾಸಿಗಿ ಯಾಕ ಅಲ್ಲಿ ಅದ?’ ಎಂದು ಮೊಮ್ಮಕ್ಕಳಾದ ನೀವಿಬ್ಬರೂ ಕೇಳುತ್ತಲೇ ಇರುತ್ತೀರಿ. ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಎರಡು ಮಾತು ಆಡುವಷ್ಟರಲ್ಲಿ ಗಂಟಲು ಒಣಗುತ್ತದೆ. ಕೊಡಂಬಲದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಅದಕ್ಕೇ ನಿಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮೇಲೆ ಮೋರಖಂಡಿಯ ಹೊಲವನ್ನು ಪಾಲಿಗೆ ಹಾಕಿ ನಾನು ಬಸವಕಲ್ಯಾಣಕ್ಕೆ, ಮಗಳ ಮನೆಗೆ ಬಂದೆ. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಅಳಿಯ ಒಳಗೆ ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಮಗಳಿಗೆ ಹೇಳಬೇಕು. ಅವಳು ಅಲ್ಲೇ ನಿಂತಿರುವ ಗಂಡನಿಗೆ ಅದನ್ನೇ ಇನ್ನೊಮ್ಮೆ ಹೇಳಬೇಕು. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ, ನಾನು ಬಿಟ್ಟಿರಲಿಲ್ಲ. ನಿಮ್ಮ ಅಪ್ಪನೂ ಅಷ್ಟೇ. ‘ಅವ್ವಗ ಕೇಳು, ಚಾ ಕುಡದ್ರೇನು ಅಂತ’ ಎಂದು ನನ್ನ ಮುಂದೆಯೇ ನಿಂತು ನಿಮ್ಮ ಅವ್ವನಿಗೆ ಹೇಳುತ್ತಿದ್ದರು. ‘ಇಬ್ಬರ ನಡುವ ನಾ ಒಂದು ಫೋನ್ ಆಗೇನಿ’ ಎಂದು ಅವಳು ಸಿಡುಕುತ್ತಿದ್ದಳು.

ಲಾರಿಗೆ ಬಾಡಿ ಕಟ್ಟುವುದು ನಿಮ್ಮ ಅಪ್ಪನ ಕೆಲಸ ಎಂಬುದು ನಿಮಗೆ ಗೊತ್ತೇ ಇದೆ. ‘ನಾ ಕಟ್ಟಿದ ಗಾಡಿ ದೇಶ ತಿರುಗ್ತಾವ, ನಾ ಇಲ್ಲೇ ತಗಡಿನ ಪತ್ರಾ ಬಡಕೋತ ಕುಂತೀನಿ’ ಎಂಬ ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಒಂದು ದಿನ ಫೋನಿನಲ್ಲಿ ಯಾರೋ ಹಳೆಯ ಬೆಂಕಿ ಆರಿಸುವ ಗಾಡಿಯನ್ನು ಮನೆ ಮಾಡಿಕೊಂಡು ಬೆಟ್ಟ ಮರಳುಗಾಡು ಸುತ್ತುವುದನ್ನು ನೋಡಿದರು. ಅಂದಿನಿಂದ ಅವರಿಗೆ ನಿದ್ದೆಯಿಲ್ಲ. ದೀಪಾವಳಿಯ ಸೂಟಿಯಲ್ಲಿ ಮೊದಲು ಕೊಂಕಣದ ಸಮುದ್ರ, ಆಮೇಲೆ ಕಚ್ಛದ ಬಿಳಿ ಉಪ್ಪಿನ ಬಯಲು ಎಂದು ದಾರಿಯನ್ನೂ ಬರೆದಿಟ್ಟರು. ಗಾಡಿಯೇ ಇರಲಿಲ್ಲ, ದಾರಿ ಮಾತ್ರ ಇತ್ತು.

ಹುಮನಾಬಾದಿನ ಹೊರಗೆ ಒಂದು ಕಾರ್ಖಾನೆ ತನ್ನ ಹಳೆಯ ಬೆಂಕಿ ಗಾಡಿಯನ್ನು ಮಾರುತ್ತಿದೆ ಎಂಬ ಸುದ್ದಿ ಬಂದಾಗ ಅವರು ಅರ್ಧ ಊಟಕ್ಕೇ ಎದ್ದುಬಿಟ್ಟರು. ಮರುದಿನ ನೀವು ಶಾಲೆಗೆ ಹೋದ ಮೇಲೆ ಅವರು, ನಿಮ್ಮ ಅವ್ವ, ನಾನು ಬಸ್ಸು ಹತ್ತಿದೆವು. ನಾನು ಹೊರಟದ್ದು ಕೊಡಂಬಲಕ್ಕೆ, ತಮ್ಮನ ಮನೆಗೆ. ದಾರಿಯಲ್ಲಿ ಗಾಡಿ ನೋಡಿ ಹೋಗೋಣ ಎಂದು ಇಳಿದೆವು. ಅದನ್ನು ನೋಡುತ್ತ ನಿಂತವಳಿಗೆ ಕೊಡಂಬಲದ ಬಸ್ಸಿನ ನೆನಪೇ ಹೋಯಿತು.

ಕಾರ್ಖಾನೆಯ ಬೇವಿನ ಮರದ ಕೆಳಗೆ ಅದು ನಿಂತಿತ್ತು. ಕೆಂಪಗೆ, ಎತ್ತರಕ್ಕೆ, ನೆತ್ತಿಯ ಮೇಲೆ ಏಣಿ, ಮೂಗಿನ ಪಕ್ಕದಲ್ಲಿ ಹಿತ್ತಾಳೆಯ ಗಂಟೆ. ನೀರಿನ ಪೈಪು ಇಡುವ ಗೂಡಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು.

‘ಇದು ಎಷ್ಟ್ ಬೆಂಕಿ ಆರಿಸೇದ್ರಿ?’ ಎಂದು ನಿಮ್ಮ ಅವ್ವ ಗೇಟಿನ ಮುದುಕನನ್ನು ಕೇಳಿದಳು.

‘ಬೆಂಕಿ ಎಲ್ಲೀದ್ರಿ ಅಕ್ಕಾರ? ಸಾಹೇಬರ ಮಗಳ ಲಗ್ನದಾಗ ಧೂಳ ಏಳಬಾರದಂತ ನೀರ್ ಹೊಡದದ. ಆಮ್ಯಾಲ ಹೂವಿನ ಗಿಡಕ್ಕ. ಮನಿ ಅಳಿಯ ಇದ್ದಂಗ ಇತ್ರಿ, ಕುಂತು ಉಂಡದ.’

ಅಳಿಯ ಎಂಬ ಮಾತಿಗೆ ನಿಮ್ಮ ಅಪ್ಪ ಕೆಮ್ಮಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಎರಡು ವಾರ ಕಾಗದಪತ್ರಕ್ಕೆ ಹೋಯಿತು. ಗಾಡಿ ನೋಡಿ ಕೊಡಂಬಲಕ್ಕೆ ಹೋದವಳು ಅದನ್ನು ತರುವ ದಿನವೂ ತಮ್ಮನ ಮನೆಯಲ್ಲೇ ಇದ್ದೆ. ಮನೆಗೆ ಮರಳಲು ನನ್ನನ್ನೂ ಹುಮನಾಬಾದಿಗೆ ಕರೆಸಿದರು. ಮುಂದಿನ ಸೀಟಿನಲ್ಲಿ ಗಂಡಹೆಂಡತಿ ಕುಳಿತರು. ಅವರ ಹಿಂದೆ, ಬೆಂಕಿ ಆರಿಸುವ ಮಂದಿ ಕೂರಲೆಂದು ಒಂದು ಸಣ್ಣ ಖೋಲಿ ಇತ್ತು. ಉದ್ದದ ಸೀಟು, ಎರಡೂ ಕಡೆ ಬಾಗಿಲು, ಎರಡೂ ಕಡೆ ಸರಿಯುವ ಗಾಜು. ನಾನು ಅಲ್ಲಿ ಹತ್ತಿದೆ. ಅಳಿಯನ ಬೆನ್ನು ಮಾತ್ರ ಕಾಣುತ್ತದೆ, ಅವರ ಮುಖ ನನಗೆ ಕಾಣದು, ನನ್ನದು ಅವರಿಗೆ ಕಾಣದು. ಸೆರಗನ್ನು ಹೆಗಲಿಗೆ ಬಿಟ್ಟು ಆರಾಮಾಗಿ ಕುಳಿತೆ.

ಗಾಡಿ ಹೆದ್ದಾರಿಗೆ ಬಂದಿತು. ಮಕ್ಕಳೇ, ಅಷ್ಟು ಎತ್ತರದಿಂದ ನಾನು ನಮ್ಮ ಸೀಮೆಯನ್ನು ಯಾವತ್ತೂ ನೋಡಿರಲಿಲ್ಲ. ಬದುವಿನ ಆಚೆಯ ತೊಗರಿ ಹೊಲ, ಅದರಾಚೆಯ ಕಬ್ಬು, ಅದರಾಚೆಯ ಯಾರದೋ ಬಾವಿ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತಿತ್ತು. ಜೀಪಿನ ಟಾಪಿನ ಮೇಲೆ ಕಟ್ಟಿದ ಕೋಳಿ ಬುಟ್ಟಿ ಕೂಡ ನನ್ನ ಕಾಲಿಗಿಂತ ಕೆಳಗೆ! ಅರವತ್ತು ದಾಟಿದವಳು ಚಿಕ್ಕ ಹುಡುಗಿಯ ಹಾಗೆ ಈ ಗಾಜಿನಿಂದ ಆ ಗಾಜಿಗೆ ಸರಿದಾಡಿದೆ. ಶಾಲೆಯ ಗೋಡೆಯ ನಕಾಶೆಯಲ್ಲಿ ಸಮುದ್ರ ಎಂದರೆ ನೀಲಿ ಬಣ್ಣ. ಮೂಲೆಯಲ್ಲಿ ಗೆದ್ದಲು ಹಿಡಿದು ಅರ್ಧ ಸಮುದ್ರ ಉದುರಿಹೋಗಿತ್ತು. ಅಷ್ಟೇ ನಾನು ಕಂಡದ್ದು. ಈ ಕಿಟಕಿಯಿಂದ ನಿಜವಾದದ್ದನ್ನು ನೋಡಬೇಕು ಎಂದು ಆಗಲೇ ಮನಸ್ಸು ಗಟ್ಟಿಯಾಯಿತು.

‘ಗಂಟಿ ಹೊಡೀರಿ ಒಮ್ಮಿ,’ ಎಂದು ಮುಂದೆ ನಿಮ್ಮ ಅವ್ವ ಹಟ ಹಿಡಿದಳು.

‘ಸುಮ್ನಿರು, ಅತ್ತಿಯವರು ಹಿಂದ ಕುಂತಾರ,’ ಎಂದು ನಿಮ್ಮ ಅಪ್ಪ ಪಿಸುಗುಟ್ಟಿದರು.

ಹೊಡೀರಿ, ಹೊಡೀರಿ ಎಂದು ನನ್ನ ಒಳಗೇ ನಾನು ಹೇಳಿಕೊಂಡೆ. ಹೊರಗೆ ಬರಲಿಲ್ಲ.

ಕೆಲಸ ಶುರುವಾಯಿತು. ಕ್ರೇನು ಬಂದು ನೀರಿನ ಟಾಕಿಯನ್ನು ಎತ್ತಿ ಇಳಿಸಿತು. ಮುಡಬಿಯ ರೈತನೊಬ್ಬ ದನಗಳಿಗೆ ನೀರು ತುಂಬಲು ಅದನ್ನು ಒಯ್ದ. ಟಾಕಿ ಹೋದ ಜಾಗ ಖಾಲಿ ಅಂಗಳದ ಹಾಗೆ ಕಂಡಿತು. ನಿಮ್ಮ ಅಪ್ಪ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಿಂದ ಗಾಡಿಯ ಅಳತೆಗೇ ಮನೆ ಬರೆದರು. ಇಲ್ಲಿ ಒಲೆ, ಇಲ್ಲಿ ಸ್ನಾನ, ಇಲ್ಲಿ ಹಾಸಿಗೆ. ನಾನು ದಿನಾ ಮಧ್ಯಾಹ್ನ ರೊಟ್ಟಿಯ ಗಂಟು ಒಯ್ಯುತ್ತಿದ್ದೆ. ಊಟಕ್ಕೆ ಹಾಕಿ, ಒಂದು ಬದಿಯಲ್ಲಿ ನಿಂತು ಆ ಗೆರೆಗಳ ಮನೆಯನ್ನು ನೋಡುತ್ತಿದ್ದೆ. ಹಾಸಿಗೆಗಳನ್ನು ಎಣಿಸಿದೆ. ನಾಲ್ಕು.

ಇನ್ನೊಮ್ಮೆ ಎಣಿಸಿದೆ. ನಾಲ್ಕೇ.

ಕಬ್ಬಿಣ ಕೊಯ್ಯುವ ಮುದಿ ಮಿಸ್ತ್ರಿಯೂ ಅದನ್ನು ಕಂಡಿದ್ದ. ‘ಸೇಠ, ಅಮ್ಮಾಗ ಎಲ್ಲಿ?’ ಎಂದು ಕೇಳಿದ.

ನಿಮ್ಮ ಅಪ್ಪ ನನಗೆ ಕೇಳದಿರಲಿ ಎಂಬಂತೆ ಸಣ್ಣ ದನಿಯಲ್ಲಿ ‘ಅವರು ಬರಂಗಿಲ್ಲ’ ಎಂದರು. ನನಗೆ ಕೇಳಿಸಿತು.

ಅವತ್ತು ಮನೆಗೆ ಬರುವಾಗ ದಾರಿ ಉದ್ದ ಅನಿಸಿತು. ಮಗಳ ಸಂಸಾರದ ತಿರುಗಾಟದಲ್ಲಿ ಮುದುಕಿಗೆ ಏನು ಕೆಲಸ ಎಂದು ಅಂದುಕೊಂಡಿರಬೇಕು, ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ರಾತ್ರಿ ರೊಟ್ಟಿ ಸುಡುವಾಗ ಎರಡು ಹೊತ್ತಿಹೋದವು. ‘ಆಯಿ, ಕರಿ ರೊಟ್ಟಿ!’ ಎಂದು ನೀವು ನಕ್ಕದ್ದು ನೆನಪಿದೆಯೇ? ಅದು ಅವತ್ತೇ.

ಮರುದಿನ ಹೋದಾಗ ಗಾಡಿಯ ಎರಡೂ ಮಗ್ಗುಲಿಗೆ ಸೀಮೆಸುಣ್ಣದಿಂದ ಒಂದೊಂದು ಬಿಳಿ ಗೆರೆ ಎಳೆದಿದ್ದರು, ಡ್ರೈವರ್ ಸೀಟಿನ ಬೆನ್ನಿಗೇ, ಮೇಲಿನಿಂದ ಕೆಳಗಿನವರೆಗೆ. ಏನದು ಎಂದು ಅಂದು ಜೊತೆಗೆ ಬಂದಿದ್ದ ಮಗಳನ್ನು ಕೇಳಿದೆ.

‘ಊಟ ಆದಮ್ಯಾಲ ಆ ಹಿಂದಿನ ಖೋಲಿ ಕೊಯ್ದು ತೆಗೀತಾರವ್ವ. ಹಾಸಿಗಿ ನಾಕೂ ಬಾಜೂಕ ಬಾಜೂಕ ಹಾಕಬೇಕಂದ್ರ ಜಾಗ ಸಾಲವಲ್ದು.’

ಹಾಸಿಗೆ ಬರೆದದ್ದು ನೆಲದ ಮೇಲೆ. ನಾಳೆ ಅಳಿಸಿ ಇನ್ನೊಂದು ಬರೆಯಬಹುದು. ಕಬ್ಬಿಣ ಕೊಯ್ದ ಮೇಲೆ ಏನು ಮಾಡುವುದು? ನಾನು ಹೋಗಬಹುದಾದ ಒಂದೇ ಜಾಗ ಅದು. ಅಳಿಯನಿಗೆ ಬೆನ್ನಾಗಿ, ನನ್ನ ಬಾಗಿಲು ನಾನು ಹಾಕಿಕೊಂಡು, ನನ್ನ ಕಿಟಕಿಯಿಂದ ಸಮುದ್ರ ನೋಡುವ ಜಾಗ.

ಎಲ್ಲರೂ ಗಾಡಿಯ ಆಚೆಯ ನೆರಳಿನಲ್ಲಿ ಊಟಕ್ಕೆ ಕುಳಿತರು. ಪಲ್ಯ ಬಡಿಸಿದೆ. ಉಪ್ಪಿನಕಾಯಿ ತರುತ್ತೇನೆಂದು ಈಚೆಗೆ ಬಂದೆ. ಕೊಡದ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಆ ಬಿಳಿ ಗೆರೆಯನ್ನು ಒರೆಸಿಬಿಟ್ಟೆ! ಒಳಗೆ ಕುಣಿಯುವಷ್ಟು ಖುಷಿ. ಶಾಲೆಯಲ್ಲಿ ಮಾಸ್ತರರು ಬರೆದ ಕರಿ ಫಳಿ ಒರೆಸಿದ್ದು ಬಿಟ್ಟರೆ ನಾನು ಯಾರ ಬರಹವನ್ನೂ ಒರೆಸಿದವಳಲ್ಲ. ಆಚೆ ಮಗ್ಗುಲಿನ ಗೆರೆ ಹಾಗೇ ಉಳಿಯಿತು. ಅದರ ಕೆಳಗೇ ಅಷ್ಟೂ ಮಂದಿ ಉಣ್ಣುತ್ತಿದ್ದರಲ್ಲ.

ಊಟ ಮುಗಿಸಿ ಮಿಸ್ತ್ರಿ ಈ ಕಡೆ ಬಂದವನೇ ನಿಂತುಬಿಟ್ಟ.

‘ಅರೇ! ನನ್ನ ಗೆರಿ ಯಾರ್ ತಿಂದ್ರು? ಆ ಕಡಿ ಅದ, ಈ ಕಡಿ ಇಲ್ಲ. ದೆವ್ವ ಬಂದು ಅರ್ಧಾನೇ ಕೆಲಸ ಮಾಡಿ ಹೋಗೇದ!’

ನಿಮ್ಮ ಅಪ್ಪ ಓಡಿ ಬಂದರು. ಅವರನ್ನು ಕಂಡೊಡನೆ ರೂಢಿಯಂತೆ ನನ್ನ ಕೈ ಮೇಲೆದ್ದಿತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಒದ್ದೆ ಸುಣ್ಣ, ಕೆಂಪು ಬಣ್ಣದ ಪುಡಿ, ಎಲ್ಲವೂ ಹತ್ತಿದ ಆ ತುದಿ ನೇರವಾಗಿ ನನ್ನ ಹಣೆಯ ಮೇಲೆ ಬಂದು ಕುಳಿತಿತು. ಮುಚ್ಚಿಕೊಳ್ಳಲು ಹೋಗಿ ಎಲ್ಲರಿಗೂ ತೋರಿಸಿದ ಹಾಗಾಯಿತು.

‘ದೆವ್ವ ಸಿಕ್ಕಿತು,’ ಎಂದ ಮಿಸ್ತ್ರಿ.

‘ಯವ್ವಾ, ಇದೇನು ಮಾಡ್ದಿ?’ ಎಂದಳು ಮಗಳು.

‘ಅವರಿಗಿ ಹೇಳು...’ ಎಂದು ನಾನು ಶುರು ಮಾಡಿದೆ.

‘ನಾ ಹೇಳಂಗಿಲ್ಲ. ನಾ ಫೋನಲ್ಲ. ಅಲ್ಲೇ ನಿಂತಾರ, ನೀನೇ ಹೇಳು.’

ಮಿಸ್ತ್ರಿ ಸೀಮೆಸುಣ್ಣ ಹುಡುಕುತ್ತಿದ್ದ. ಇನ್ನೊಂದು ಗೆರೆ ಎಳೆಯಲು ಎಷ್ಟು ಹೊತ್ತು? ಗಾಡಿಯ ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

‘ಅಳಿಯಾರ,’ ಎಂದೆ, ‘ಆ ಖೋಲಿ ಕೊಯ್ಯಬ್ಯಾಡ್ರಿ. ನಾನೂ ಬರ್ತೀನಿ. ಅದರಾಗೇ ಮಲಗ್ತೀನಿ.’

ಅಷ್ಟೇ. ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು.

ನಿಮ್ಮ ಅಪ್ಪನ ಕಿವಿ ಕೆಂಪಾದದ್ದು ನನಗೆ ಕಂಡಿತು. ‘ಅತ್ತಿಯವರ, ನಿಮಗ ಕರೀಬೇಕಂತ ಮೊದಲ ದಿನದಿಂದ ಇತ್ರಿ,’ ಎಂದರು. ‘ಆದ್ರ ಅಷ್ಟೇ ಅಷ್ಟು ಖೋಲಿಯಾಗ ನಮ್ಮ ಜೋಡಿ ಮಲಗ್ರಿ ಅಂತ ಯಾವ ಬಾಯಿಲೆ ಅನ್ಲಿ? ಅಳಿಯಗ ಮರ್ಯಾದಿ ಇಲ್ಲಂತ ನೀವು ಸಿಟ್ಟಾಗಿ ಮೋರಖಂಡಿಗಿ ಹೋಗಿಬಿಟ್ರ? ಅದಕ್ಕ ನೀವು ಬರಂಗಿಲ್ಲಂತ ನಾನೇ ಅಂದ್ಕೊಂಡೆ.’

ಮಿಸ್ತ್ರಿ ತಲೆಯ ಮೇಲೆ ಕೈ ಇಟ್ಟುಕೊಂಡ. ‘ಯಾ ಅಲ್ಲಾ! ಇವರಿಬ್ಬರ ಮರ್ಯಾದಿಗಿ ಛಲೋ ಗಾಡಿ ಕೊಯ್ಸಾಕತ್ತಿದ್ರಲ್ಲ!’

ನಾನು ನಕ್ಕುಬಿಟ್ಟೆ. ಅಳಿಯನ ಮುಂದೆ, ಹಲ್ಲು ಕಾಣುವ ಹಾಗೆ.

ನೆಲದ ಮೇಲಿನ ಮನೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದರು. ಹಿಂದಿನ ಕೋಣೆ ಗಿಡ್ಡವಾಯಿತು. ನಿಮ್ಮ ಹಾಸಿಗೆಗಳು ಒಂದರ ಮೇಲೊಂದು ಹೋದವು. ಮೇಲಿನದು ಯಾರಿಗೆ ಎಂದು ನೀವು ದಿನಾ ಜಗಳಾಡುತ್ತೀರಲ್ಲ, ಅದಕ್ಕೆ ಕಾರಣ ನಾನೇ. ನಿಮ್ಮ ಅವ್ವನ ಕಪಾಟು ಹೋಯಿತು. ಅವಳ ಬಟ್ಟೆ ಪಾರಿವಾಳಗಳಿದ್ದ ಆ ಪೈಪಿನ ಗೂಡಿಗೆ ಬಂದಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ನಾನೂ ಸುಮ್ಮನಾಗಲಿಲ್ಲ. ನಿಮ್ಮ ಅಪ್ಪ ಒಲೆಯ ಪಕ್ಕ ಮಡಚುವ ಹಲಗೆ ಹಾಕಿ ‘ಇಲ್ಲಿ ರೊಟ್ಟಿ ಬಡೀರಿ’ ಎಂದರು. ಎರಡು ಏಟಿಗೆ ಹಲಗೆ ಜೋಲಾಡಿ ಹಿಟ್ಟು ನನ್ನ ಮಡಿಲಿಗೆ ಬಂದಿತು. ‘ಇದು ನಿಂತು ಚಪಾತಿ ಲಟ್ಟಿಸೋರ ಲೆಕ್ಕ. ಜೋಳದ ರೊಟ್ಟಿಗಿ ಕುಂಡ್ರಬೇಕು, ಕೆಳಗ ಗಟ್ಟಿ ಇರಬೇಕು,’ ಎಂದೆ. ಗಾಡಿಯ ಹಿಂಬದಿಯಲ್ಲಿ ಪಂಪು ಇದ್ದ ಜಾಗದ ಕಬ್ಬಿಣದ ಕಟ್ಟೆಯ ಮೇಲೆ ದಪ್ಪ ಹಲಗೆ ಕೂಡಿಸಿ ಕೊಟ್ಟರು. ಮೊದಲ ರೊಟ್ಟಿ ಬಡಿದಾಗ ಇಡೀ ವರ್ಕ್‌ಶಾಪಿಗೆ ಸದ್ದು ಕೇಳಿಸಿತು. ಸುತ್ತಲಿನ ಬಡಿತವೆಲ್ಲ ನಿಂತು ಮಂದಿ ನೋಡಲು ಬಂದರು. ಬಂದವರಿಗೆಲ್ಲ ಬಿಸಿ ರೊಟ್ಟಿ.

ಬಣ್ಣ ಬದಲಿಸುವುದೊಂದು ಉಳಿದಿತ್ತು. ಬೆಂಕಿ ಗಾಡಿಯ ಕೆಂಪು ಇಟ್ಟುಕೊಂಡು ತಿರುಗುವ ಹಾಗಿಲ್ಲ ಎಂದು ಆರ್‌ಟಿಓ ಆಫೀಸಿನವರು ಹೇಳಿದ್ದರು. ಅದಕ್ಕೆ ಮೊದಲು ತೂಕ ನೋಡಬೇಕೆಂದು ಹುಮನಾಬಾದಿನ ಲಾರಿ ಕಾಟಾಕ್ಕೆ ಹೊರಟೆವು. ನೀವು ಶಾಲೆಯಲ್ಲಿದ್ದಿರಿ. ನಾನು ನನ್ನ ಖೋಲಿಯಲ್ಲಿ, ನನ್ನ ಹಾಸಿಗೆಯ ಮೇಲೆ, ಕಾಲು ಮಡಚಿ ಕುಳಿತಿದ್ದೆ. ಅದೇ ತೊಗರಿ ಹೊಲ, ಅದೇ ಎತ್ತರ.

ಹುಮನಾಬಾದು ಹತ್ತಿರ ಬರುವಾಗ ಬೈಕಿನವನೊಬ್ಬ ನಮ್ಮ ಜೋಡಿಯೇ ಓಡಿಸುತ್ತ ಬಂದ. ಗಾಬರಿಯಿಂದ ಕತ್ತೆತ್ತಿ ಕೂಗಿದ: ‘ಎಲ್ಲಿ ಹತ್ತೇದ್ರಿ ಬೆಂಕಿ?’

ಮೊದಲಾಗಿದ್ದರೆ ನಾನು ಸೀಟಿನ ಕೆಳಗೆ ಅಡಗುತ್ತಿದ್ದೆ. ಗಾಜು ಸರಿಸಿದೆ, ತಲೆ ಹೊರಗೆ ಹಾಕಿದೆ.

‘ಎಲ್ಲೂ ಹತ್ತಿಲ್ಲಪ್ಪಾ! ಸಮುದ್ರ ನೋಡಾಕ ಹೊಂಟೀವಿ!’

ಮುಂದಿನ ಸೀಟಿನಲ್ಲಿ ನಿಮ್ಮ ಅವ್ವ ಚಪ್ಪಾಳೆ ತಟ್ಟಿದಳು. ನಿಮ್ಮ ಅಪ್ಪ ಅವಳ ಕಡೆ ನೋಡಲಿಲ್ಲ, ಅವಳ ಕೈಯಲ್ಲಿ ಹೇಳಿ ಕಳಿಸಲಿಲ್ಲ. ಬಾಗಿಲಿನ ಹೊರಗಿನ ಕನ್ನಡಿಯಲ್ಲಿ ನನ್ನನ್ನೇ ನೋಡಿ, ‘ಅತ್ತಿಯವರ, ಗಂಟಿ ಹೊಡೀಲೇನ್ರಿ?’ ಎಂದು ಕೇಳಿದರು.

‘ಹೊಡೀರಿ,’ ಎಂದೆ.