ನೆಲಮಾಳಿಗೆಯಲ್ಲಿ ಬೀಗರೂಟ

ತಂಗಿಯ ಮದುವೆಯ ಬೀಗರೂಟವನ್ನು ಕೋಗಿಲಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿಯೇ ಬಡಿಸಬೇಕೆಂದು ಅಮ್ಮ ತೀರ್ಮಾನಿಸಿದಾಗ ನಾನು ಗಾಬರಿಗೊಂಡೆ. ಮಳೆ ಬಂದರೆ ಅಲ್ಲಿನ ಗೋಡೆ ಬೆವರುತ್ತಿತ್ತು, ನೆಲದ ಮೇಲೆ ನೀರು ನಿಲ್ಲುತ್ತಿತ್ತು.

"ಬೀಗ್ರು ಪಂಚೆ ಎತ್ಕೊಂಡು ಕೂರೋ ಹಾಗಾದ್ರೆ ನನ್ ಮಗಳು ವರ್ಷಾನುಗಟ್ಲೆ ಮಾತು ಕೇಳ್ಬೇಕಾಗ್ತದೆ, ನೆನಪಿರ್ಲಿ" ಎಂದು ಅಮ್ಮ ಎಚ್ಚರಿಸಿದರು.

ಮೇಸ್ತ್ರಿ ನಾಳೆ, ನಾಡಿದ್ದು ಎನ್ನುತ್ತಲೇ ಇದ್ದುದರಿಂದ ದುರಸ್ತಿ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ. ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಓದಿ ತಿಳಿಯದೆ ಯಾವುದನ್ನೂ ಮುಟ್ಟುವ ಅಭ್ಯಾಸವಿಲ್ಲ. ವಿಡಿಯೋಗಳನ್ನು ನೋಡಿ, ಸಿಮೆಂಟಿನ ಚೀಲದ ಹಿಂಬದಿಯನ್ನೂ ಬಿಡದೆ ಓದಿ, ಉಳಿ ಸುತ್ತಿಗೆ ಹಿಡಿದೆ. ಸಡಿಲವಾದ ಗಾರೆಯನ್ನು ಕೆತ್ತಿ ತೆಗೆದೆ. ಬಿರುಕುಗಳ ಮೇಲೆ ತಂತಿಬಲೆ ಬಡಿದು, ನೀರು ತಡೆಯುವ ಪುಡಿ ಬೆರೆಸಿದ ಸಿಮೆಂಟನ್ನು ಮೆತ್ತಿದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳು ಜರಡಿಯಾಡಿದರು. ನೆಲಕ್ಕೆ ಹೊಸ ಗಾರೆ ಹಾಕುವಾಗ, ನೀರು ಮೂಲೆಯ ಗುಂಡಿಗೆ ಹರಿಯುವಂತೆ ಇಳಿಜಾರು ಕೊಡಬೇಕಿತ್ತು. ವಿಡಿಯೋದಲ್ಲಿ ಹೇಳಿದಷ್ಟು ಸಾಲದೇನೋ ಎಂಬ ಅಳುಕಿನಿಂದ ನಾನು ಅದರ ದುಪ್ಪಟ್ಟು ಕೊಟ್ಟೆ.

ಬೀಗರೂಟದ ದಿನ ಬೆಳಿಗ್ಗೆ ಜೋರು ಮಳೆ ಸುರಿಯಿತು. ಮೆಟ್ಟಿಲ ಕಡೆಯಿಂದ ಒಳನುಗ್ಗಿದ ನೀರು ಅತ್ಯಂತ ವಿಧೇಯವಾಗಿ ಗುಂಡಿಗೆ ಹರಿದುಹೋಯಿತು. ಅಮ್ಮ ಗೋಡೆಗೆ ಅಂಗೈ ಒತ್ತಿ ನೋಡಿ, "ಓದ್ಸಿದ್ದು ಸಾರ್ಥಕ ಆಯ್ತು ಕಣೋ" ಎಂದರು. ನೆಲ ಒರೆಸಿ ಜಮಖಾನ ಹಾಸಿದೆವು.

ಮಧ್ಯಾಹ್ನ ಬಾಗಲಗುಂಟೆಯಿಂದ ಬಂದ ಬೀಗರು ಪಂಕ್ತಿಯಲ್ಲಿ ಕುಳಿತರು. ಬಾಳೆಲೆಗೆ ಮುದ್ದೆ ಬಂತು, ಹಿಂದೆಯೇ ಸೌಟು ಹಿಡಿದು ನಾನು ಬಾಡಿನ ಸಾರು ಬಡಿಸುತ್ತ ಬಂದೆ. ಸಾರು ಎಲೆಗೆ ಬಿದ್ದದ್ದೇ ತಡ, ಬೆಳಗಿನ ಮಳೆನೀರು ಹಿಡಿದ ದಿಕ್ಕನ್ನೇ ಹಿಡಿದು, ಸಾಲಿನುದ್ದಕ್ಕೂ ಉಣ್ಣುವವರ ಮಡಿಲಿನತ್ತ ಹೊರಟಿತು.

ತಂಗಿಯ ಮಾವ ಪಂಚೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ನನ್ನತ್ತ ನೋಡಿದರು. "ಏನ್ ಬೀಗ್ರೇ, ಸಾರ್ಗೂ ಡ್ರೈನೇಜ್ ಮಾಡ್ಸಿದ್ದೀರಾ?"

"ಬಡ್ಸಿದ್ದನ್ನ ವಾಪಸ್ ತಗಳಾಕೆ ಇಂಗೊಂದ್ ಉಪಾಯ ನೋಡಣ್ಣ!" ಎಂದರು ಪಕ್ಕದಲ್ಲಿದ್ದ ಅವರ ತಮ್ಮ.

ಸಾಲು ನಕ್ಕಿತು. ಅದು ಯಾವ ಬಗೆಯ ನಗುವೆಂದು ನನಗೆ ತಿಳಿಯಲಿಲ್ಲ. ಅಮ್ಮನ ಮುಖ ಬಾಡಿತು. ಇಳಿಜಾರಿನ ಉದ್ದೇಶವನ್ನು ವಿವರಿಸಲು ಬಾಯಿ ತೆರೆದೆ.

ಆಗ ಉಪ್ಪು ಬಡಿಸುತ್ತಿದ್ದ ತಂಗಿ ಮಾವನೆದುರು ಬಗ್ಗಿದಳು. "ಮಾವ, ಮುದ್ದೆನ ಈ ಕಡೆ ತಳ್ಳಿ ಕಟ್ಟೆ ಕಟ್ಕೊಳಿ. ನಮ್ಮನೇಲಿ ಎಲೆ ನೋಡ್ಕೊಂಡು ಉಣ್ಬೇಕು, ನಿಮ್ಮನೇಲಿ ಉಂಡಂಗೆ ಮೊಬೈಲ್ ನೋಡ್ಕೊಂಡಲ್ಲ!"

ಮಾವ ಸೊಸೆಯನ್ನೊಮ್ಮೆ, ಎಲೆಯನ್ನೊಮ್ಮೆ ನೋಡಿ, ಮುದ್ದೆಯನ್ನು ಅಂಚಿಗೆ ಒತ್ತಿದರು. ಸಾರು ನಿಂತಿತು. ಅವರು ಹೊಟ್ಟೆ ಕುಲುಕುವಂತೆ ನಕ್ಕರು.

"ಮದ್ವೆ ಆದಾಗಿಂದ ಊಂ, ಊಹೂಂ ಬಿಟ್ರೆ ಮಾತೇ ಆಡಿರ್ಲಿಲ್ಲ ಈವಮ್ಮ. ಇವತ್ತು ಬಾಯ್ ಬಿಟ್ಟವ್ಳೆ ನೋಡ್ರಪ್ಪ! ಬಿಡವ್ವ, ಇನ್ನೊಂದ್ ಸೌಟು."

ಸಾಲಿನುದ್ದಕ್ಕೂ ಕಟ್ಟೆಗಳೆದ್ದವು. ತಂಗಿ ನನ್ನ ಕೈಯಿಂದ ಸೌಟನ್ನು ಕಿತ್ತುಕೊಂಡು ತಾನೇ ಬಡಿಸತೊಡಗಿದಳು.