ಮೋಡ್ ಹಾಕಿದೆ ಕಣೇ

ನಮ್ಮ ಜಗುಲಿಯ ಮೂಲೆಯಲ್ಲಿ ಒಂದು ನೀಲಿ ಟಾರ್ಪಾಲು ಮಡಿಚಿ ಇಟ್ಟಿದೆ. ನೀಲಿ ಎಂದದ್ದು ಅದರ ಮೇಲಿನ ಗೌರವದಿಂದ. ಬಿಸಿಲು ಕುಡಿದು ಕುಡಿದು ಅದೀಗ ನೀರು ಬೆರೆಸಿದ ಶಾಯಿಯ ಬಣ್ಣಕ್ಕೆ ತಿರುಗಿದೆ, ಎರಡು ಕಡೆ ತೇಪೆ ಬಿದ್ದಿದೆ, ಒಂದು ಮೂಲೆಯ ಹಗ್ಗವನ್ನು ಇಲಿ ತಿಂದ ಮೇಲೆ ನನ್ನ ಹಳೆಯ ಸೀರೆಯ ಅಂಚನ್ನೇ ಕಟ್ಟಿದ್ದೇನೆ. ನಡುವೆ ಬಿಳಿ ಪೇಂಟಿನಲ್ಲಿ ನಮ್ಮ ಯಜಮಾನರ ಹೆಸರಿನ ಎರಡು ಅಕ್ಷರಗಳಿವೆ. ನಮ್ಮ ಬಾಳೂರಿನ ಕಡೆ ಚೀಲ, ಏಣಿ, ಟಾರ್ಪಾಲು ಎಂದು ಪಕ್ಕದ ತೋಟಕ್ಕೆ ಎರವಲು ಹೋಗಿ ತಿರುಗಿ ಬರುವ ದಾರಿಯನ್ನು ಮರೆಯಬಹುದಾದ ಎಲ್ಲ ವಸ್ತುಗಳ ಮೇಲೂ ಒಡೆಯನ ಹೆಸರು ಬರೆಯುವುದು ವಾಡಿಕೆ. ಮನೆಯಾಕೆಯ ಹೆಸರು ಬೀಳುವುದು ಮದುವೆಯಲ್ಲಿ ಬಂದ ಪಾತ್ರೆಗಳ ಮೇಲೆ ಮಾತ್ರ. ನನ್ನ ಹೆಸರು ಒಂದು ತಪ್ಪಲೆಯ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೂತು ಇಪ್ಪತ್ತೊಂಬತ್ತು ವರ್ಷದಿಂದ ಒಲೆಯ ಮೇಲೆ ಬೇಯುತ್ತಿದೆ.

ಹೋದ ವರ್ಷ ಆ ಟಾರ್ಪಾಲು ನನ್ನ ಕೈಗೆ ಬಂತು. ಯಜಮಾನರಿಗೆ ಮಂಡಿಯ ಆಪರೇಷನ್ ಆಗಿ, ಕೊಯ್ಲಿನ ಹೊತ್ತಿಗೆ ಸರಿಯಾಗಿ ಅವರು ಆರಾಮಕುರ್ಚಿಗೆ ಅಂಟಿಕೊಂಡರು. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು, ಬೀಜವನ್ನು ಕಣದಲ್ಲಿ ಹರವಿ ಒಣಗಿಸಿದರೆ ಪಾರ್ಚ್‌ಮೆಂಟ್. ಹೇಳುವುದಕ್ಕೆ ಒಂದೇ ವಾಕ್ಯ. ಮಾಡುವುದಕ್ಕೆ ಎಂಟು ಹತ್ತು ದಿನದ ಬಿಸಿಲು, ಮತ್ತೆ ಮತ್ತೆ ಕೈಯಾಡಿಸುವ ತಾಳ್ಮೆ, ಆಕಾಶದ ಮೇಲೆ ಸದಾ ಒಂದು ಕಣ್ಣು. ನಡುವೆ ಒಂದು ಮಳೆ ಬಿದ್ದರೆ ಬೀಜಕ್ಕೆ ಕಲೆ, ಕಲೆಯ ಹಿಂದೆಯೇ ಮುಗ್ಗಲು ವಾಸನೆ. "ಈ ವರ್ಷ ಕಣ ನೀನೇ ನೋಡ್ಕೋ. ನೋಡಣ, ಎಂತ ಮಾಡ್ತಿ ಅಂತ" ಎಂದರು. ಆ ‘ನೋಡಣ’ ನನ್ನ ಮನಸ್ಸಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಒಂದು ಕಾಳಿಗೂ ಕಲೆಯಾಗದಂತೆ ಒಣಗಿಸಿ ಕೊಡಬೇಕು, ಮುಂದಿನ ವರ್ಷವೂ ಕಣ ನನ್ನದೇ ಆಗಬೇಕು ಎಂಬ ಆಸೆ ಆವತ್ತೇ ಹುಟ್ಟಿತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಕಣ ಕಾಯುವುದೆಂದರೆ ಕೂತಿರುವುದು. ಕೂತು ಕೂತು ಬೇಸರವಾಗುತ್ತದೆಂದು ಕಳಸದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನನ್ನ ತಂಗಿಯ ಮಗಳು ಚೈತ್ರಾ ತನ್ನ ಹಳೆಯ ಲ್ಯಾಪ್‌ಟಾಪನ್ನು ಜಗುಲಿಯಲ್ಲಿ ಇಟ್ಟು, ಅದರಲ್ಲಿ ಒಂದು ಆಟ ಹಾಕಿಕೊಟ್ಟಳು. ನೀವು ಆಡಿರದಿದ್ದರೆ ಹೇಳುತ್ತೇನೆ ಕೇಳಿ. ಅದೊಂದು ದೊಡ್ಡ ಮಾಯಾರಾಜ್ಯ, ಬೆಟ್ಟ ಹೊಳೆ ಕೋಟೆ ಎಲ್ಲ ಉಂಟು, ನೀವೊಬ್ಬ ವೀರರೋ ವೀರವನಿತೆಯೋ ಆಗಿ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರೂ "ಎಲ್ಲಿಗೆ ಹೊರಟೆ" ಎಂದು ಕೇಳುವುದಿಲ್ಲ. ನನಗೆ ಅಷ್ಟೇ ಸಾಕಿತ್ತು. ಆದರೆ ಆಟ ಇರುವ ಹಾಗೆಯೇ ಆಡಬೇಕೆಂದಿಲ್ಲ, ಇಷ್ಟ ಬಂದಂತೆ ತಿದ್ದಿಕೊಳ್ಳಬಹುದು, ತಿದ್ದುವ ತುಣುಕುಗಳನ್ನು ಜಗತ್ತಿನ ಯಾರು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆಯಾಗಿ ಹಂಚುತ್ತಾರೆ ಎಂದು ಅವಳು ಹೇಳಿದ ಮೇಲೆ ನನ್ನ ನೆಮ್ಮದಿ ಹೋಯಿತು. ಆ ತುಣುಕುಗಳ ಹೆಸರನ್ನು ಅವಳು ‘ಮಾಡ್’ ಎಂದಳೋ ‘ಮೋಡ್’ ಎಂದಳೋ, ನನ್ನ ಬಾಯಿಗೆ ಬಂದದ್ದು ಮೋಡ್.

ಸೀರೆ ಅಂಗಡಿಯಲ್ಲಿ ಕೂತವಳಿಗೆ ಹಸಿವೆ ತಿಳಿಯುವುದಿಲ್ಲವಲ್ಲ, ಇದೂ ಹಾಗೆಯೇ. ಹೊಸ ಕುದುರೆಗೆ ಒಂದು ಮೋಡ್, ಹಳೆ ಕುದುರೆಗೆ ಹೊಸ ಬಾಲದ ಮೋಡ್, ಜೇಡಕ್ಕೆ ಹೆದರುವವರಿಗಾಗಿ ಜೇಡಗಳನ್ನೆಲ್ಲ ಕರಡಿ ಮಾಡುವ ಮೋಡ್. ಯುದ್ಧಕ್ಕೆ ಹೊರಟ ಹೆಣ್ಣುಮಕ್ಕಳ ಕವಚದಲ್ಲಿ ಲೋಹ ಕಡಿಮೆ ಮಾಡುವ ಮೋಡ್‌ಗಳಂತೂ ರಾಶಿರಾಶಿ; ಅವನ್ನು ಬರೆದ ಮಹನೀಯರನ್ನು ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ ಅದೇ ಉಡುಪಿನಲ್ಲಿ ನಮ್ಮ ಕಣದಲ್ಲಿ ನಿಲ್ಲಿಸಬೇಕು. ನನ್ನ ವೀರವನಿತೆಗೆ ಮೊದಲು ಒಂದು ಕಂಬಳಿ ಹುಡುಕಿ ಹೊದೆಸಿದೆ. ಆಮೇಲೆ ಎಷ್ಟು ಭಾರ ಬೇಕಾದರೂ ಹೊರುವ ಮೋಡ್ ಹಾಕಿದೆ, ಆಯಾಸವೇ ಆಗದ ಮೋಡ್ ಹಾಕಿದೆ, ಎಲ್ಲಕ್ಕಿಂತ ಮುಖ್ಯವಾಗಿ, ಆ ರಾಜ್ಯದಲ್ಲಿ ಮಳೆಯೇ ಬಾರದಂತೆ ಮಾಡುವ ಒಂದನ್ನು ಹಾಕಿದೆ. ಮಳೆ ತಡೆಯುವ ಮೋಡ್. ಎಂಟು ದಿನ ಆಕಾಶಕ್ಕೆ ಹೆದರಿ ಕುತ್ತಿಗೆ ನೋಯಿಸಿಕೊಂಡವಳಿಗೆ ಅದಕ್ಕಿಂತ ದೊಡ್ಡ ವರ ಯಾವುದು ಹೇಳಿ.

ಇವುಗಳಿಗೆ ಒಂದು ಸರದಿಯೂ ಇದೆ. ಎರಡು ಮೋಡ್‌ಗಳು ಒಂದೇ ವಿಷಯಕ್ಕೆ ಕೈಹಾಕಿದರೆ ಸರದಿಯಲ್ಲಿ ಕೊನೆಗೆ ಬಂದದ್ದರ ಮಾತೇ ನಡೆಯುವುದು ಎಂದು ಚೈತ್ರಾ ಹೇಳಿದಾಗ ನನಗೆ ನಗು ತಡೆಯಲಿಲ್ಲ. ನಮ್ಮ ಮನೆಗಳಲ್ಲಿ ಕೊನೆಗೆ ಬಂದವಳು ಸೊಸೆ. ಅವಳ ಮಾತು ನಡೆದದ್ದನ್ನು ಕಂಡವರಿದ್ದರೆ ನನಗೆ ತಿಳಿಸಿ. ಹಾಗೆ ನೋಡಿದರೆ ತಿದ್ದುವ ಚಪಲ ನಮಗೇನು ಹೊಸದೇ? ಈ ಬೆಟ್ಟಕ್ಕೆ ಕಾಫಿಯೇ ಎಲ್ಲಿಂದಲೋ ತಂದು ಹಾಕಿದ ಮೋಡ್, ಅದರ ಮೇಲೆ ಸಿಲ್ವರ್ ಓಕ್ ಇನ್ನೊಂದು, ಓಕಿಗೆ ಹಬ್ಬಿಸಿದ ಮೆಣಸಿನ ಬಳ್ಳಿ ಮತ್ತೊಂದು. ಮೂಲ ಆಟ ಕಾಡು. ಅದು ಒಳಗಿಂದ ಇನ್ನೂ ನಡೆಯುತ್ತಲೇ ಇದೆ ಎಂಬುದು ಆನೆ ಬಂದು ಬೇಲಿ ಮುರಿದಾಗ ಮಾತ್ರ ನಮಗೆ ನೆನಪಾಗುತ್ತದೆ. ಯಜಮಾನರನ್ನೂ ಇಪ್ಪತ್ತೊಂಬತ್ತು ವರ್ಷದಿಂದ ತಿದ್ದುತ್ತಿದ್ದೇನೆ. ಗೊರಕೆಗೆ ಇನ್ನೂ ಯಾರೂ ಮೋಡ್ ಬರೆದಿಲ್ಲ.

ನಮ್ಮ ಜಗುಲಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಂಬದ ಹತ್ತಿರ, ಅಲ್ಲೂ ಕೂಗಿದರೆ ಮಾತ್ರ ಆ ಕಡೆಗೆ ಕೇಳುತ್ತದೆ. ಹೀಗಾಗಿ ಒಂದು ಮಧ್ಯಾಹ್ನ ನಾನು ಚೈತ್ರಾಳಿಗೆ ನನ್ನ ಸಾಧನೆಯನ್ನು ಇಡೀ ತೋಟಕ್ಕೆ ಕೇಳುವ ಹಾಗೆ ವರದಿ ಮಾಡಿದೆ: "ಎಲ್ಲಾ ಮೋಡ್ ಹಾಕಿದೆ ಕಣೇ!"

ಕನ್ನಡ ಎಂಥ ಕಿಲಾಡಿ ಭಾಷೆ ನೋಡಿ. ನಾನು ಹಾಕಿದರೂ ‘ಹಾಕಿದೆ’, ಆಕಾಶ ಹಾಕಿದರೂ ‘ಹಾಕಿದೆ’. ಪ್ರೀತಿಯಿಂದ ಕರೆದ ‘ಕಣೇ’, ಕೆಳಗೆ ನಿಂತವನ ಕಿವಿಗೆ ‘ಕಣ’. ನಮ್ಮ ಮೇಸ್ತ್ರಿ ಸಣ್ಣಯ್ಯನಿಗೆ ಆ ಮೂರು ಪದಗಳು ಸಾಕಾದವು. ತಲೆಯೆತ್ತಿ ಮೇಲೆ ನೋಡುವ ಅಭ್ಯಾಸ ಅವನಿಗಿಲ್ಲ, ಯಜಮಾನರ ಮನೆಯಿಂದ ಕೂಗು ಬಂದರೆ ಓಡುವ ಅಭ್ಯಾಸ ಉಂಟು. ನಾನು ಫೋನಿಟ್ಟು ನೋಡುತ್ತೇನೆ, ಸುಡುವ ಬಿಸಿಲಿನಲ್ಲಿ ಆಳುಗಳೆಲ್ಲ ಬೆವರು ಸುರಿಸುತ್ತ ಬೀಜವನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದೆಸಿ ನಾಲ್ಕೂ ಕಡೆ ಕಲ್ಲು ಹೇರುತ್ತಿದ್ದಾರೆ.

"ಎಂತ ಸಣ್ಣಯ್ಯ ಇದು?"

"ನೀವೇ ಕೂಗಿದ್ರಲ್ಲ ಅಮ್ಮಾ, ಮೋಡ ಹಾಕಿದೆ, ಕಣ ಅಂತ."

ವಿಷಯ ತಿಳಿದ ಮೇಲೆ ಅವರೆಲ್ಲ ನಕ್ಕಿದ್ದು ಸಂಜೆಯವರೆಗೂ ನಿಲ್ಲಲಿಲ್ಲ. ಎರಡು ದಿನದಲ್ಲಿ ನನಗೆ ‘ಮೋಡಮ್ಮ’ ಎಂದು ನಾಮಕರಣವೂ ಆಯಿತು, ನನಗೆ ಕೇಳಿಸದಂತೆ, ಆದರೆ ಕೇಳಿಸುವಷ್ಟು ಜೋರಾಗಿ.

ಆಟದೊಳಗೆ ಮಾತ್ರ ನನಗೊಂದು ತೊಡಕು ಎದುರಾಗಿತ್ತು. ಬೆಟ್ಟದ ಮೇಲಿನ ಊರಿನಲ್ಲಿ ಮದ್ದು ಅರೆಯುವ ಒಬ್ಬಳು ಅಜ್ಜಿ ಒಂದು ಬಿಳಿ ಹೂ ತಂದುಕೊಡು ಎಂದಿದ್ದಳು. ಗಿಡಗಳೆಲ್ಲ ಸಿಕ್ಕವು, ಅವುಗಳ ತುಂಬ ಮೊಗ್ಗೂ ಇತ್ತು, ಒಂದಾದರೂ ಅರಳಲಿಲ್ಲ. ಜಗತ್ತಿನ ಭಾರವನ್ನೆಲ್ಲ ಹೊರಬಲ್ಲ, ಆಯಾಸವನ್ನೇ ಅರಿಯದ ನನ್ನ ವೀರವನಿತೆ ಕಂಬಳಿ ಹೊದ್ದು ನಾಲ್ಕು ದಿನ ಮೊಗ್ಗಿನ ಮುಂದೆ ನಿಂತಳು. ಕೊನೆಗೆ ಕಂಬದ ಹತ್ತಿರ ನಿಂತು ಚೈತ್ರಾಳನ್ನು ಕೇಳಿದೆ.

"ದೊಡ್ಡಮ್ಮ, ಅದು ಮಳೆ ಬಿದ್ರೆ ಅರಳೋ ಹೂ. ಮಳೆನೇ ನಿಲ್ಸಿ ಹೂ ಬಾ ಅಂದ್ರೆ ಎಲ್ಲಿಂದ ಬರ್ಬೇಕು? ನೀನು ಕಾಫಿ ಬೆಳೆಯೋಳು ಹೌದೋ ಅಲ್ವೋ?"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಾರ್ಚಿನಲ್ಲಿ ಹೂಮಳೆ ಬೀಳದಿದ್ದರೆ ಕಾಫಿಯ ಮೊಗ್ಗು ಗಿಡದಲ್ಲೇ ಕರಟುತ್ತದೆ, ಹೂವಿಲ್ಲದಿದ್ದರೆ ಹಣ್ಣಿಲ್ಲ, ಹಣ್ಣಿಲ್ಲದಿದ್ದರೆ ಕಣಕ್ಕೆ ಯಜಮಾನಿ ಯಾಕೆ? ಕಣದ ಚಿಂತೆಯಲ್ಲಿ ಮಳೆಯನ್ನೇ ಕಿತ್ತುಹಾಕಿದ ನನ್ನ ಬುದ್ಧಿವಂತಿಕೆಗೆ ಏನೆನ್ನಲಿ. ಲ್ಯಾಪ್‌ಟಾಪಿನ ಮುಂದೆ ಕೂತು ಆ ಮೋಡ್ ತೆಗೆಯುವ ಬಗೆ ಹುಡುಕತೊಡಗಿದೆ. ಪರದೆಯ ಮೇಲಿನ ಆಕಾಶ ಎಷ್ಟು ನಿರ್ಮಲವಾಗಿತ್ತೆಂದರೆ ನಿಜವಾದ ಆಕಾಶದ ನೆನಪೇ ನನಗಾಗಲಿಲ್ಲ. ಕಾಲಿಗೆ ತಣ್ಣನೆ ಗಾಳಿ ತಾಗಿ ತಲೆಯೆತ್ತಿದಾಗ ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲ.

"ಮೋಡ ಹಾಕಿದೆ ಸಣ್ಣಯ್ಯ, ಮೋಡ ಹಾಕಿದೆ" ಎಂದು ಕೂಗಿದೆ.

ಮರಕ್ಕೆ ಒರಗಿ ಎಲೆಅಡಿಕೆ ಹಾಕುತ್ತಿದ್ದ ಸಣ್ಣಯ್ಯ ನಿಧಾನವಾಗಿ ಕೇಳಿದ, "ಯಾವ್ದು ಅಮ್ಮಾ, ಹೊರಗಿಂದಾ ಒಳಗಿಂದಾ?" ಆಳುಗಳು ಗೊಳ್ಳೆಂದರು. ಆ ನಗು ಮುಗಿಯುವ ಮೊದಲೇ ಮೊದಲ ಹನಿ ಬಿತ್ತು.

ಆಮೇಲೆ ಎಲ್ಲರೂ ಓಡಿದರು, ನಾನೂ ಓಡಿದೆ. ಅರ್ಧ ಕಣವನ್ನು ಗುಡ್ಡೆ ಮಾಡುವಷ್ಟರಲ್ಲಿ ಮಳೆ ಇಳಿದೇಬಿಟ್ಟಿತು. ಗಾಳಿಗೆ ಟಾರ್ಪಾಲು ಹಾರುತ್ತಿತ್ತು. ತಿರುಗಿ ನೋಡಿದರೆ ಯಜಮಾನರು ಕೋಲೂರಿಕೊಂಡು ಮೆಟ್ಟಿಲಿಳಿದು ಬಂದು ಟಾರ್ಪಾಲಿನ ಅಂಚಿನ ಮೇಲೆ ಕಾಲು ನೀಡಿ ಕೂತುಬಿಟ್ಟರು. ಮಳೆ ನಿಲ್ಲುವವರೆಗೂ ಅಲ್ಲೇ ನೆನೆಯುತ್ತ ಕೂತಿದ್ದರು. ಉಳಿದರ್ಧ ಕಣ ನಮ್ಮ ಕಣ್ಣೆದುರೇ ತೊಯ್ದುಹೋಯಿತು.

ನಾನು ಅತ್ತುಬಿಟ್ಟೆ. ಮಳೆ ಬರುತ್ತಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲವೆಂದುಕೊಂಡಿದ್ದೆ. ತಲೆ ಒರೆಸಿಕೊಳ್ಳುತ್ತ ಯಜಮಾನರು ಹೇಳಿದರು, "ನಮ್ಮಪ್ಪ ನನಗೆ ಕಣ ಕೊಟ್ಟ ವರ್ಷ ಎಂತ ಆಯ್ತು ಗೊತ್ತುಂಟಾ ಮಾರಾಯ್ತಿ? ನಾನು ಕೊಟ್ಟಿಗೆ ಹಿಂದೆ ಕೂತು ಇಸ್ಪೀಟ್ ಆಡ್ತಿದ್ದೆ. ಇಡೀ ಕಣ ಹೋಯ್ತು. ನಿಂದು ಅರ್ಧವೇ."

ಇಷ್ಟು ವರ್ಷದಲ್ಲಿ ಒಂದು ದಿನವೂ ಬಾಯಿಬಿಡದ ಕತೆ ಅದು. ನಗಬೇಕೋ ಜಗಳ ತೆಗೆಯಬೇಕೋ ತಿಳಿಯದೆ ಕಾಫಿ ಮಾಡಲು ಒಳಗೆ ಹೋದೆ.

ತೊಯ್ದ ಬೀಜವನ್ನು ಬೇರೆಯಾಗಿಯೇ ಒಣಗಿಸಿ ಮನೆಖರ್ಚಿಗೆ ಇಟ್ಟುಕೊಂಡೆವು. ಅದರಲ್ಲಿ ಸ್ವಲ್ಪ ಮಣ್ಣಿನ ವಾಸನೆ ಇತ್ತು. ಇಡೀ ವರ್ಷ ಕುಡಿದೆವು, ಯಜಮಾನರು ಒಂದು ದಿನವೂ ಹೆಸರಿಡಲಿಲ್ಲ. ಆಟದಲ್ಲಿ ಮಳೆಯ ಮೋಡ್ ತೆಗೆದುಹಾಕಿದೆ. ಮಳೆ ಬಂತು, ಮೊಗ್ಗು ಬಿರಿಯಿತು, ಅಜ್ಜಿಗೆ ಹೂ ಕೊಟ್ಟೆ. ಭಾರ ಹೊರುವುದನ್ನೂ ಆಯಾಸವಾಗದ್ದನ್ನೂ ಒಂದೊಂದಾಗಿ ತೆಗೆದೆ. ಕಂಬಳಿ ಮಾತ್ರ ಉಳಿಸಿಕೊಂಡಿದ್ದೇನೆ. ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಬೆಳಿಗ್ಗೆ, ತಪ್ಪು ಮಾಡಿದವಳು ಕ್ಷಮೆ ಕೇಳುವ ಹಾಗೆ ಗಿಡಗಳ ನಡುವೆ ಸುಮ್ಮನೆ ನಿಂತು ಬಂದೆ.

ಈ ವರ್ಷ ಅವರ ಮಂಡಿ ಸರಿಹೋಗಿದೆ, ತೋಟ ಸುತ್ತಿ ಬರುತ್ತಾರೆ. ಇನ್ನು ಕಣವೂ ಅವರದೇ ಎಂದು ನಾನು ನನ್ನಷ್ಟಕ್ಕೆ ತಪ್ಪಲೆಯ ಕಡೆ ಮುಖ ಮಾಡಿದ್ದೆ. ಮೊನ್ನೆ ಮೂಡಿಗೆರೆಗೆ ಹೋದವರು ಒಂದು ಹೊಸ ಟಾರ್ಪಾಲು ತಂದು, ನನಗೆ ತೋರಿಸದೆ ನೇರ ಸಣ್ಣಯ್ಯನ ಕೈಗೆ ಕೊಟ್ಟರು. ಮಧ್ಯಾಹ್ನ ಅವನು ಅದನ್ನು ಜಗುಲಿಗೆ ತಂದು ಬಿಡಿಸಿ ಹಾಸಿದ. ಕಡುನೀಲಿ, ತೇಪೆಯಿಲ್ಲ, ನಡುವೆ ಬಿಳಿ ಪೇಂಟಿನಲ್ಲಿ ಮೊಳದುದ್ದದ ಮೂರು ಅಕ್ಷರಗಳು: ‘ಮೋಡಮ್ಮ’.

"ಯಜಮಾನ್ರು ಹೇಳಿದ್ದು ಅಮ್ಮಾ, ನಾನು ಬರ್ದೆ ಅಷ್ಟೇ" ಎಂದು ಸಣ್ಣಯ್ಯ ಹಿಂದೆ ಸರಿದ. ಯಜಮಾನರು ಪೇಪರಿನ ಹಿಂದೆ ಅಡಗಿದ್ದರು, ಪೇಪರು ಕುಲುಕುತ್ತಿತ್ತು. ಮುಖ ಸಿಂಡರಿಸಲು ಆದಷ್ಟು ಪ್ರಯತ್ನಪಟ್ಟೆ, ಆಗಲಿಲ್ಲ. ಹಳೆಯ ಟಾರ್ಪಾಲನ್ನು ಮಡಿಚಿ ಮೂಲೆಗೆ ಇಟ್ಟು, ಹೊಸದನ್ನು ಸಣ್ಣಯ್ಯನ ಜೊತೆ ಎತ್ತಿಕೊಂಡು ಹೋಗಿ ಖಾಲಿ ಕಣದಲ್ಲಿ ಹರವಿದೆ. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಆದರೂ ಪಕ್ಕದಲ್ಲಿ ಮಣೆ ಹಾಕಿಕೊಂಡು ಮೇಲೆ ನೋಡುತ್ತ ಕೂತೆ. ಪೇಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.