ಡಾಕ್ಟರ ಕಡೆಯವಳು

ಗಂಗಾಮಣಿ ರಾಗಿ ಹೊತ್ತು ಬಂದಳೆಂದರೆ ಪಾಳ್ಯದ ರವಿಚಂದ್ರ ತನ್ನ ಹಿಟ್ಟಿನ ಮಿಲ್ಲನ್ನೇ ನಿಲ್ಲಿಸಿಬಿಡುತ್ತಿದ್ದ. ಹಿಂದಿನ ದಿನ ಟಿ.ವಿ. ಧಾರಾವಾಹಿಯಲ್ಲಿ ಯಾರ ಕೊಲೆಯಾಯಿತೆಂದು ಆಕೆ ಹೇಳುವುದು ಆ ಸದ್ದಿನಲ್ಲಿ ಹೇಗೆ ಕೇಳಿಸೀತು! ಧಾರಾವಾಹಿಯ ಇನ್‌ಸ್ಪೆಕ್ಟರಿಗೆ ಬುದ್ಧಿ ಸಾಲದೆಂದು ಆಕೆ ಬೈಯುವಳು, ‘ಆ ಹೆಂಡ್ತಿ ಮೇಲೆ ನಂಗೆ ಅನುಮಾನ ಐತೆ ಕಣ್ರೀ, ಗಂಡ ಸತ್ತೌನೆ, ಇವ್ಳು ಮಲ್ಲಿಗೆ ಮುಡ್ಕಂಡವ್ಳೆ’ ಎಂದು ಸರದಿಗೆ ಕೂತ ಹೆಂಗಸರ ಎದೆ ನಡುಗಿಸುವಳು, ಕರೆಂಟು ಹೋಗಿ ತಪ್ಪಿದ ಭಾಗವನ್ನು ತಾನೇ ಕಟ್ಟಿ ಹೇಳುವಳು; ಆಕೆ ಕಟ್ಟಿದ್ದರಲ್ಲಿ ಒಂದೆರಡು ಹೆಣ ಹೆಚ್ಚೇ ಬೀಳುತ್ತಿದ್ದವು. ಕಥೆಯಲ್ಲಿದ್ದ ಡಾಕ್ಟರನ ಮೇಲೆ ಮಾತ್ರ ಯಾರೂ ಸಂಶಯಪಡುವಂತಿರಲಿಲ್ಲ. ‘ಅವ್ರು ದೇವ್ರಂಥೋರು, ಸುಮ್ನಿರಿ’ ಎಂದು ಗದರುತ್ತಿದ್ದಳು. ಕೊನೆಯ ಕಂತಿನಲ್ಲಿ ಎಲ್ಲರನ್ನೂ ಕೊಂದವನು ಆ ಡಾಕ್ಟರೇ ಎಂದು ಗೊತ್ತಾಗಿ, ಪೊಲೀಸರ ಗುಂಡಿಗೆ ಅವನು ಸತ್ತೂಹೋದ. ಮರುದಿನ ಮಿಲ್ಲಿನಲ್ಲಿ ಹೆಂಗಸರೆಲ್ಲ ಬಾಯಿ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಗಂಗಾಮಣಿ ಇದಕ್ಕೇನು ಹೇಳುತ್ತಾಳೋ ಎಂದು ರವಿಚಂದ್ರ ಆಗಲೇ ಮೋಟಾರು ನಿಲ್ಲಿಸಿ ಕಾಯುತ್ತಿದ್ದ. ಆಕೆ ಬಂದಳು, ಸಾವಿನ ಸುದ್ದಿ ಕೇಳಿದ ನೆಂಟರಂತೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು. ‘ಇದೇನಕ್ಕಾ, ಯಾರು ಹೋದ್ರು?’ ಎಂದು ಅವನು ಗಾಬರಿಯಿಂದ ಕೇಳಿದ. ‘ಡಾಕ್ಟ್ರು ಕಣಪ್ಪ.’ ‘ಅಯ್ಯೋ, ಆ ಕೊಲೆಗಡುಕನ್ಗಾ?’ ಗಂಗಾಮಣಿ ರಾಗಿ ಚೀಲ ಇಳಿಸಿದಳು. ‘ಅವ್ನು ಮಾಡಿದ್ದು ತಪ್ಪೇಯ. ಆದ್ರೆ ಹೆಣ ಕೇಳ್ಕಂಡು ಒಬ್ರೂ ಬರ್ಲಿಲ್ವಲ್ಲಪ್ಪ. ನಮ್ಮೋನು ಅಂತ ಯಾರಾದ್ರೂ ಒಬ್ರು ನೀರು ಹಾಕ್ಕಬೇಡ್ವಾ?’